ಸವಳು ನೀರಿನಲ್ಲಿ ರಾಯಲ್ ಪಾಮ್: ನನ್ನ ಅನುಭವ

ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಕಡೆ, ಅದೂ ನಮ್ಮ ಸವಳು ಬೋರ್ ನೀರಿನಲ್ಲಿ ರಾಯಲ್ ಪಾಮ್ ಬರಲ್ಲ ಎಂದು ಮೊದಲು ಹೇಳಿದವರು ನಮ್ಮ ಭಾವ. "ಏನಪ್ಪಾ, ತೆಂಗು ಹಾಕಿದ್ರೆ ಕಾಯಾದ್ರೂ ಸಿಗ್ತಿತ್ತು" ಅಂದಿದ್ದರು. ಆಮೇಲೆ ಗುಂಡಿ ತೆಗೆಯಲು ಬಂದ ಜೆಸಿಬಿ ಹುಡುಗನೂ ಅದನ್ನೇ ಹೇಳಿದ. ಈಗ ಗೇಟಿನಿಂದ ಮನೆ ಬಾಗಿಲ ತನಕ 14 ಮರ ನಿಂತಿವೆ. ಗರಿ ಸೇರಿ 18-20 ಅಡಿ ಇರಬಹುದು, ಅಳೆದಿಲ್ಲ. ಬರೆಯುವಾಗ ಸ್ವಲ್ಪ ಜಂಬ ಬರುತ್ತದೆ, ಇರಲಿ.

ನಮ್ಮ ಕಡೆ ಬಹಳ ಜನ ಇದನ್ನು ಬಾಟಲ್ ಪಾಮ್ ಎಂದೇ ಮಾರುತ್ತಾರೆ. ನಿಜವಾದ ಬಾಟಲ್ ಪಾಮ್ ಮಾರಿಷಸ್ ಕಡೆಯದು, ಗಿಡ್ಡ ಜಾತಿ. ನಾನು ಹೇಳುತ್ತಿರುವುದು ಕ್ಯೂಬಾದ ಕಡೆಯ ಮರ. ಕಾಂಡ ಸಿಮೆಂಟ್ ಕಂಬದ ಹಾಗೆ, ಅದರ ಮೇಲೆ ಹಸಿರು ಕೊಳವೆ, 60-70 ಅಡಿ ಹೋಗುವಂಥದ್ದು. ಕೊಳ್ಳುವಾಗ ನೋಡಿ ಕೊಳ್ಳಿ.

2017ರಲ್ಲಿ ಆಂಧ್ರದ ಕಡಿಯಂನ ನರ್ಸರಿಯಿಂದ 12 ಗಿಡ ತರಿಸಿದೆ. 10 ಅಡಿಯವು. ಒಂದಕ್ಕೆ 3,500ರ ಹತ್ತಿರ ಬಿತ್ತು. ಲಾರಿ ಬಾಡಿಗೆ 26 ಸಾವಿರವೋ 28 ಸಾವಿರವೋ ಆಯಿತು. ಜೆಸಿಬಿ, ಕೂಲಿ, ಊಟ ಎಲ್ಲ ಸೇರಿ 85 ಸಾವಿರ ಹೋಯಿತು. ಮನೆಯಲ್ಲಿ 50 ಎಂದು ಹೇಳಿದ್ದೆ. ಇದನ್ನು ಓದಿದರೆ ಗೊತ್ತಾಗುತ್ತದೆ, ಏನು ಮಾಡೋದು.

ನಾನು ತೆಂಗಿನವನು. ಮೂರಡಿ ಗುಂಡಿ ತೆಗೆದು, ಸಸಿಯನ್ನು ಕೆಳಗೆ ಕೂರಿಸಿ, ಅದು ಬೆಳೆದಂತೆ ಮಣ್ಣು ಏರಿಸುತ್ತಾ ಬರುವುದು ನಮಗೆ ರೂಢಿ. ಇದಕ್ಕೂ ಅದನ್ನೇ ಮಾಡಿದೆ. ಬುಡ ಒಂದೂವರೆ ಅಡಿ ಮಣ್ಣೊಳಗೆ ಹೋಯಿತು. ನಮ್ಮದು ಎರೆ ಮಣ್ಣು, ಕೆಳಗೆ ಸುಣ್ಣದ ಪದರ. ಗುಂಡಿಯಲ್ಲಿ ನಿಂತ ನೀರು ಬಾಣಲೆಯಲ್ಲಿ ನಿಂತ ಹಾಗೆ, ಇಳಿಯುವುದೇ ಇಲ್ಲ. ಗರಿ ಬಾಡಿತು. ನೋಡಿದವರೆಲ್ಲ ನೀರು ಕಡಿಮೆ ಅಂದರು, ನಾನು ಇನ್ನಷ್ಟು ಬಿಟ್ಟೆ. ಮುಳುಗುವವನಿಗೆ ಚೊಂಬಿನಲ್ಲಿ ನೀರು ಕೊಟ್ಟ ಹಾಗಾಯಿತು. ಮುಂದಿನ ಬೇಸಿಗೆಯೊಳಗೆ 7 ಹೋದವು. ಸುಳಿ ಹಿಡಿದು ಮೆಲ್ಲಗೆ ಎಳೆದರೆ ಕೈಗೇ ಬರುತ್ತಿತ್ತು, ತುದಿಯಲ್ಲಿ ಕೊಳೆತ ವಾಸನೆ.

ಉಳಿದ ಐದರ ಸುತ್ತ ಮಣ್ಣು ಬಿಡಿಸಿ, ನೀರು ಹೋಗಲು ಕಾಲುವೆ ಹೊಡೆದೆ. ಸಾಯಲಿಲ್ಲ, ಆದರೆ ಬೆಳೆಯಲೂ ಇಲ್ಲ. ಪ್ರತಿ ಹೊಸ ಗರಿ ಹಿಂದಿನದಕ್ಕಿಂತ ಚಿಕ್ಕದು. ತುದಿ ಬೆಂಕಿಗೆ ಹಿಡಿದ ಕೂದಲಿನ ಹಾಗೆ ಮುರುಟಿಕೊಂಡು ಬರುತ್ತಿತ್ತು. ಪಕ್ಕದ ತೋಟದವರು ನುಸಿ ಅಂದರು. ಎರಡು ಸಲ ಔಷಧಿ ಹೊಡೆಸಿದೆ, 1,800 ದಂಡ. ಕೊನೆಗೆ ಹಿರಿಯೂರಿನ ಬಬ್ಬೂರು ಫಾರಂಗೆ (ಕೃಷಿ ಸಂಶೋಧನಾ ಕೇಂದ್ರ) ಪರೀಕ್ಷೆಗೆ ಮಣ್ಣು ಕೊಟ್ಟು ಬಂದೆ. ಪಿಎಚ್ 8.4. ಅಷ್ಟು ಕ್ಷಾರ ಇದ್ದರೆ ಮ್ಯಾಂಗನೀಸ್ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ, ಬುಡ ಆಳಕ್ಕೆ ಹೋಗಿದ್ದರಂತೂ ಕೇಳಲೇಬೇಡಿ. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಹಳೇ ಗರಿಯಲ್ಲಿ ಕಿತ್ತಳೆ ಚುಕ್ಕೆ ಬಂದು ಒಣಗಿದರೆ ಪೊಟ್ಯಾಷ್ ಕೊರತೆ, ಸುಳಿಯಿಂದ ಬರುವ ಗರಿಯೇ ಕೆಟ್ಟಿದ್ದರೆ ಮ್ಯಾಂಗನೀಸ್ ಕೊರತೆ.

ಮ್ಯಾಂಗನೀಸ್ ಸಲ್ಫೇಟ್ ಮರಕ್ಕೆ ಸುಮಾರು ಕಾಲು ಕೆಜಿ ಬುಡಕ್ಕೆ, ಜೊತೆಗೆ ಲೀಟರಿಗೆ 3 ಗ್ರಾಂ ಸುಳಿಗೆ ಸಿಂಪಡಣೆ. ನಾಲ್ಕೈದು ತಿಂಗಳು ಏನೂ ಕಾಣಲಿಲ್ಲ. ಕೆಟ್ಟ ಗರಿ ಸರಿಯಾಗಲ್ಲ, ಹೊಸದು ಬರುವ ತನಕ ಕಾಯಲೇಬೇಕು. ಅಷ್ಟರಲ್ಲಿ ಆಷಾಢದ ಗಾಳಿ ಎರಡನ್ನು ಬೀಳಿಸಿತು. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದ ಜಿಲ್ಲೆಯಲ್ಲಿ ಊರುಗೋಲು ಬೇಗ ಬಿಚ್ಚಿದ್ದು ನನ್ನದೇ ತಪ್ಪು. ಮೂರು ಉಳಿದವು. ಅವುಗಳ ಕಾಂಡದಲ್ಲಿ ಆ ಎರಡು ವರ್ಷದ ಗುರುತು ಈಗಲೂ ಇದೆ, ಸೊಂಟ ಹಿಡಿದು ಹಿಂಡಿದ ಹಾಗೆ. ಅದು ಇನ್ನು ತುಂಬುವುದಿಲ್ಲ.

ಉಳಿದ 11 ಬೀಜದಿಂದ ಮಾಡಿದ್ದು. ಇದಕ್ಕೆ ಖರ್ಚೇ ಇಲ್ಲ. ದಾವಣಗೆರೆಯ ಒಂದು ಕಾಲೇಜಿನ ಆವರಣದಲ್ಲಿ ಮರದ ಕೆಳಗೆ ಹಣ್ಣು ಉದುರಿ ಬಿದ್ದಿತ್ತು, ವಾಚ್‌ಮನ್‌ಗೆ ಟೀ ಕುಡಿಸಿ ಅರ್ಧ ಚೀಲ ತುಂಬಿಕೊಂಡು ಬಂದೆ. ಒಂದಿಷ್ಟನ್ನು ಒಣಗಿಸಿಟ್ಟು ಆಮೇಲೆ ಬಿತ್ತಿದೆ, ಒಂದೂ ಏಳಲಿಲ್ಲ. ತಾಜಾ ಇದ್ದುದನ್ನು ಮರಳಿನಲ್ಲಿ ಉಜ್ಜಿ ತಿರುಳು ತೆಗೆದು, ಎರಡು ದಿನ ನೆನೆಸಿ ಹಾಕಿದ್ದರಲ್ಲಿ 300ಕ್ಕೆ 110 ಹುಟ್ಟಿರಬಹುದು. ಮೊದಲನೆಯದು 50 ದಿನಕ್ಕೆ ಬಂತು, ಕೊನೆಯದು ಐದು ತಿಂಗಳಿಗೆ. ಬಿಸಿ ಬೇಕು ಇದಕ್ಕೆ. ಟ್ರೇ ಎಲ್ಲಿಟ್ಟಿದ್ದೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಕಾಣುತ್ತದೆ.

2020ರಲ್ಲಿ ಲಾಕ್‌ಡೌನ್, ಕೈಗೆ ಬೇರೆ ಕೆಲಸ ಇರಲಿಲ್ಲ. ಗುಂಡಿ ಆಳ ಒಂದೂವರೆ ಅಡಿ, ಅಗಲ ನಾಲ್ಕಡಿ. ಎರೆ ಮಣ್ಣಿಗೆ ಗರಸು ಬೆರೆಸಿ, ನೆಲಕ್ಕಿಂತ ಒಂದು ಗೇಣು ದಿಬ್ಬ ಮಾಡಿ, ಬುಡ ಎರಡು ಬೆರಳು ಮೇಲೇ ಕಾಣುವ ಹಾಗೆ ಮೂರಡಿ ಸಸಿ ಕೂರಿಸಿದೆ. ಮಡಿಕೆ ಬೋರಲು ಹಾಕಿದ ಹಾಗಿದೆ ಎಂದು ಭಾವ ನಕ್ಕರು. 2022ರಲ್ಲಿ ಎಂಥಾ ಮಳೆ ನೆನಪಿದೆಯಲ್ಲಾ, 1933ರ ನಂತರ ಮೊದಲ ಸಲ ಮಾರಿಕಣಿವೆ ಅಣೆಕಟ್ಟು ಕೋಡಿ ಬಿತ್ತು. ಆ ವರ್ಷ ನಮ್ಮ ತೋಟದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಒಂದು ಸಸಿಯ ಸುಳಿಯೂ ಕೊಳೆಯಲಿಲ್ಲ. ಮರುವರ್ಷ ಬರ. ಟ್ಯಾಂಕರ್ 700ರಂತೆ ಹತ್ತು ಲೋಡ್ ಹಾಕಿಸಿದೆ. ಈಗ ಚಾವಣಿ ನೀರನ್ನು ಸಂಪ್‌ಗೆ ಬಿಟ್ಟುಕೊಂಡು ಸಂಕ್ರಾಂತಿ ತನಕ ಅದನ್ನೇ ಕೊಡುತ್ತೇನೆ, ಆಮೇಲೆ ಬೋರ್. ಬೋರ್ ನೀರಿಗೆ ಒಂದು ವಸ್ತು ಬೆರೆಸುತ್ತೇನೆ, ಅದು ಇನ್ನೊಂದು ಸಲ.

ಮಜ್ಜಿಗೆ ಅಲ್ಲ. ಹುಳಿ ಮಜ್ಜಿಗೆ ಹಾಕಿದರೆ ಕ್ಷಾರ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದು ತಿಂಗಳು ಸುರಿದೆ. ಇರುವೆ ಬಂದವು, ಅಷ್ಟೇ.

ಮಧ್ಯೆ ಹೆಂಡತಿಯ ತವರು ತೀರ್ಥಹಳ್ಳಿ ಕಡೆಯಿಂದ ನಾಲ್ಕು ಬೈನೆ ಸಸಿ ತಂದು ನೆಟ್ಟೆ. ಅದೂ ಪಾಮ್ ಜಾತಿಯದೇ, ಆನೆಗಳಿಗೆ ಮೇವಾಗುವ ಮರ. ಆನೆ ಯಾವಾಗ ತರ್ತೀಯಾ ಎಂದು ಊರವರು ಕೇಳಿದರು. ಮೂರು ಮೊದಲ ಬೇಸಿಗೆಯ ಬಿಸಿಲಿಗೆ ಸುಟ್ಟವು, ಬೇವಿನ ನೆರಳಿನಲ್ಲಿದ್ದ ಒಂದು ಇನ್ನೂ ಇದೆ. ಅದರ ಹಣ್ಣು ಮುಟ್ಟಿದರೆ ಕೈ ತುರಿಸುತ್ತದೆ, ಮಕ್ಕಳಿರುವ ಮನೆಯವರು ಯೋಚನೆ ಮಾಡಿ. ಫಾಕ್ಸ್‌ಟೇಲ್ ಪಾಮ್ ಎರಡು ಹಾಕಿದ್ದೆ. ಆಸ್ಟ್ರೇಲಿಯಾದ ಗಿಡ, ಏನೂ ಕೇಳದೆ ಸುಮ್ನೆ ಬೆಳೆಯುತ್ತಿದೆ. ಆದರೆ ರಾಯಲ್‌ನ ಗತ್ತು ಅದಕ್ಕಿಲ್ಲ.

ಸುಳಿ ಕೊರೆಯುವ ದುಂಬಿಯ ಕಾಟಕ್ಕೆ ತೆಂಗಿನ ಮದ್ದು ಇಲ್ಲಿ ನಡೆಯಲ್ಲ. ಗರಿಯ ಬುಡದ ಹಾಳೆ ಕೊಳವೆಯ ಹಾಗೆ ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಬೇವಿನ ಹಿಂಡಿ, ಮರಳು ತುಂಬಲು ಸಂದೇ ಸಿಗಲ್ಲ. ನಾನು ಹತ್ತಿರವಿದ್ದ ತಿಪ್ಪೆಯನ್ನೇ ಎತ್ತಿಸಿ ದೂರ ಹಾಕಿಸಿದೆ. ಅದರಲ್ಲಿ ಈ ದುಂಬಿಯ ಹೆಬ್ಬೆರಳು ಗಾತ್ರದ ಮರಿಹುಳು ಬುಟ್ಟಿಗಟ್ಟಲೆ ಸಿಕ್ಕವು, ಕೋಳಿಗಳಿಗೆ ಹಬ್ಬ.

ಇನ್ನೊಂದು, ಕಾರು ಮರದ ಕೆಳಗೆ ನಿಲ್ಲಿಸಬೇಡಿ. ಹಣ್ಣಾದ ಗರಿ ಹಾಳೆ ಸಮೇತ ತಾನೇ ಕಳಚಿ ಬೀಳುತ್ತದೆ. ಹೋದ ವರ್ಷ ಮುಂದಿನ ಗಾಜಿಗೆ 9 ಸಾವಿರ ಕೊಟ್ಟೆ. ಆ ಹಾಳೆಯಲ್ಲಿ ಅಡಿಕೆ ಹಾಳೆಯ ಹಾಗೆ ತಟ್ಟೆ ಒತ್ತಿಸಲು ನೋಡಿದೆ, ಸೀಳಿಹೋಯಿತು. ಮಕ್ಕಳು ಅದರ ಮೇಲೆ ಕೂತು ಒಬ್ಬರನ್ನೊಬ್ಬರು ಎಳೆಯುತ್ತಾರೆ.

ಮಿಕ್ಕ ಸಸಿಗಳಲ್ಲಿ 40ನ್ನು ತಲಾ 250ಕ್ಕೆ ಮಾರಿದೆ. ಇನ್ನೂ 50 ಚಿಲ್ಲರೆ ಪ್ಯಾಕೆಟ್‌ನಲ್ಲಿವೆ. ಭಾವ ಈಗ ತಮ್ಮ ಮನೆ ಮುಂದೆ ಹಾಕಲು 12 ಬೇಕು ಅಂತಿದ್ದಾರೆ, ಪುಕ್ಕಟೆ. ಕೊಡುತ್ತೇನೆ, ಆದರೆ ಗುಂಡಿ ಒಂದೂವರೆ ಅಡಿ ದಾಟಿದ್ದರೆ ಗಿಡ ವಾಪಸ್ ತರುತ್ತೇನೆ ಎಂದಿದ್ದೇನೆ. ಭಾನುವಾರ ಟೇಪು ಹಿಡಿದುಕೊಂಡು ಹೋಗಬೇಕು.