ವಿಮಾನದ ದೂರವನ್ನೂ ಪ್ರಯಾಣದ ಸಮಯವನ್ನೂ ಲೆಕ್ಕ ಹಾಕುವ ಬಗೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೆಂದರೆ, ಭೂಮಿಯ ಮೇಲ್ಮೈಯಲ್ಲಿ ಅವೆರಡನ್ನೂ ಸೇರಿಸುವ ಅತಿ ಹತ್ತಿರದ ಹಾದಿ. ಇದನ್ನು ಕಂಡುಹಿಡಿಯಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಮತ್ತು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಮೈಸೂರಿನ ಮಂಡಕಳ್ಳಿಯಿಂದ ಚೆನ್ನೈಗಿರುವ ದೂರವನ್ನೇ ನೋಡೋಣ. ಮಂಡಕಳ್ಳಿಯ ಅಕ್ಷಾಂಶ 12.23, ರೇಖಾಂಶ 76.66, ಚೆನ್ನೈ ನಿಲ್ದಾಣದ್ದು 12.99 ಮತ್ತು 80.17. ಅಕ್ಷಾಂಶದ ವ್ಯತ್ಯಾಸ 0.76 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ ಇದನ್ನು 111ರಿಂದ ಗುಣಿಸಿದರೆ ಉತ್ತರದ ಕಡೆಗೆ 84 ಕಿ.ಮೀ. ಬರುತ್ತದೆ. ರೇಖಾಂಶದ ಗೆರೆಗಳು ಧ್ರುವಗಳತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಅಲ್ಲಿ ನೇರವಾಗಿ 111ರಿಂದ ಗುಣಿಸುವಂತಿಲ್ಲ. ಸರಾಸರಿ ಅಕ್ಷಾಂಶದ ಕೊಸೈನ್ (ಕ್ಯಾಲ್ಕುಲೇಟರಿನಲ್ಲಿ cos) ಬೆಲೆಯನ್ನೂ ಸೇರಿಸಿ ಗುಣಿಸಬೇಕು. 12.6 ಡಿಗ್ರಿಯ ಕೊಸೈನ್ 0.976 ಆದ್ದರಿಂದ 3.51 ಡಿಗ್ರಿಯ ವ್ಯತ್ಯಾಸಕ್ಕೆ ಪೂರ್ವದ ಕಡೆಗೆ 380 ಕಿ.ಮೀ. ಸಿಗುತ್ತದೆ. 84 ಮತ್ತು 380ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 390 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಷ್ಟು ಸೊಗಸಾಗಿ ಬಳಕೆಗೆ ಬರುವ ಜಾಗ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಖಂಡಾಂತರ ಪ್ರಯಾಣಗಳಿಗೆ ಮಾತ್ರ ಭೂಮಿಯ ದುಂಡುತನವನ್ನು ಲೆಕ್ಕಕ್ಕೆ ಹಿಡಿಯುವ ಮಹಾವೃತ್ತದ ಸೂತ್ರ ಬೇಕು.

ಸಮಯದ ಲೆಕ್ಕದಲ್ಲಿ ಹೆಚ್ಚು ಎಚ್ಚರ ಅಗತ್ಯ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದವಿದ್ದು, ಎಟಿಆರ್ 72ರಂತಹ ಟರ್ಬೊಪ್ರಾಪ್ (ತಿರುಗುವ ಪಂಖಗಳಿಂದ ಸಾಗುವ) ವಿಮಾನಗಳಿಗೆ ಹೊಂದುತ್ತದೆ. ಈ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆದ್ದರಿಂದ 390 ಕಿ.ಮೀ.ಗೆ 47 ನಿಮಿಷ ಸಾಕೆನಿಸಬಹುದು. ಆದರೆ ಟಿಕೆಟ್ಟಿನಲ್ಲಿ ಬರೆದಿರುವುದು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಅತ್ತ ಹೋಗಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗಿನ ನಿಧಾನ ಓಟ, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರೊಳಗೆ ಸೇರಿವೆ. ಹೀಗಾಗಿ ಹಾರಾಟದ ಅವಧಿಗೆ ಕನಿಷ್ಠ ಅರ್ಧ ಗಂಟೆ ಕೂಡಿಸುವುದು ಒಳ್ಳೆಯದು. ಬೆಂಗಳೂರು–ದೆಹಲಿಯಂತಹ ಸುಮಾರು 1,710 ಕಿ.ಮೀ. ದೂರದ ಜೆಟ್ ಪ್ರಯಾಣಕ್ಕೆ ಗಂಟೆಗೆ 800 ಕಿ.ಮೀ. ವೇಗ ಹಿಡಿದು ಇದೇ ರೀತಿ ಎಣಿಸಬಹುದು.

ವಿದೇಶಕ್ಕೆ ಹೋಗುವವರು ಟಿಕೆಟ್ಟಿನ ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು ಎಂಬುದನ್ನು ಮರೆಯಬಾರದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಬೆಂಗಳೂರಿನಿಂದ ಬೆಳಿಗ್ಗೆ 10ಕ್ಕೆ ಹೊರಟು ಅಲ್ಲಿಯ 12.30ಕ್ಕೆ ತಲುಪುವುದೆಂದಿದ್ದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು ಗಂಟೆ. ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಹಿಂದಿನಿಂದ ನೂಕುವ ಕಾರಣ ಮರುಪ್ರಯಾಣ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ.

ಮೈಸೂರು, ಮಂಡ್ಯದವರು ಬೆಂಗಳೂರಿನಿಂದ ಹೊರಡುವುದಾದರೆ ರಸ್ತೆಯ ಸಮಯವನ್ನು ಹಿಂದಿನಿಂದ ಎಣಿಸಬೇಕು. ಮೈಸೂರಿನಿಂದ ದೇವನಹಳ್ಳಿ ಸುಮಾರು 180 ಕಿ.ಮೀ. ದಶಪಥ ಹೆದ್ದಾರಿಯಲ್ಲಿ ಬೇಗ ಸಾಗಿದರೂ ಬೆಂಗಳೂರು ನಗರ ದಾಟುವಾಗ ಹೊತ್ತು ಹೋಗುತ್ತದೆ. ಮಧ್ಯಾಹ್ನ 1ರ ದೆಹಲಿ ವಿಮಾನಕ್ಕೆ 11ಕ್ಕೆ ನಿಲ್ದಾಣದಲ್ಲಿರಬೇಕೆಂದರೆ ಮೈಸೂರಿನಿಂದ 7ಕ್ಕೂ ಮಂಡ್ಯದಿಂದ 8ರೊಳಗೂ ಹೊರಡುವುದು ಕ್ಷೇಮ.