500 ಡಿಗ್ರಿಯಲ್ಲಿ ಎರಡು ಲ್ಯಾಬ್‌ಗಳ ಅಳತೆ ತಾಳೆ ನೋಡುವುದು ಹೇಗೆ: ನನ್ನ ಅನುಭವ

ಶಾಖ ತಡೆಯಲು ಬಳಸುವ ಒಂದೇ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡಿನ ಉಷ್ಣವಾಹಕತೆಯನ್ನು ಎರಡು ಲ್ಯಾಬ್‌ಗಳಲ್ಲಿ ಅಳೆದರೆ, 25 ಡಿಗ್ರಿಯಲ್ಲಿ ಅಂಕಿಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಅದನ್ನು ನೋಡಿ 500 ಡಿಗ್ರಿಯಲ್ಲೂ ಯಂತ್ರ ಸರಿಯಾಗಿರುತ್ತದೆ ಅಂದುಕೊಳ್ಳಬಾರದು. ಐಆರ್‌ಎಂಎಂ-440 ಎಂಬ, ಯಂತ್ರಗಳನ್ನು ತಾಳೆ ನೋಡಲು ಬಳಸುವ ಗಾಜಿನ ನಾರಿನ ಬೋರ್ಡಿನ ಪ್ರಮಾಣಿತ ಮೌಲ್ಯ ಇರುವುದೇ ಮೈನಸ್ 10ರಿಂದ 50 ಡಿಗ್ರಿವರೆಗೆ. 500 ಡಿಗ್ರಿಯಲ್ಲಿ ಯಂತ್ರಕ್ಕೆ ಸಾಕ್ಷಿ ಅಂದರೆ ಹೆಚ್ಚಾಗಿ ಇನ್ನೊಂದು ಲ್ಯಾಬಿನ ಯಂತ್ರವೇ. ಹಾಗಾಗಿ ತಾಳೆ ನೋಡುವ ಕ್ರಮವೇ ಗಟ್ಟಿಯಾಗಿರಬೇಕು.

ನಾವು ಬಳಸುವುದು ಎರಡು ಮಾದರಿಗಳ ಗಾರ್ಡೆಡ್ ಹಾಟ್ ಪ್ಲೇಟ್. ಭಾರತೀಯ ಮಾನಕ ಐಎಸ್ 3346ರ ವಿಧಾನವೂ ಇದೇ. ನಡುವೆ ಬಿಸಿ ಪ್ಲೇಟ್, ಅದರ ಮೇಲೊಂದು ಕೆಳಗೊಂದು ಬೋರ್ಡ್, ಆಚೆಗೆ ತಣ್ಣನೆಯ ಪ್ಲೇಟ್‌ಗಳು. ಬಿಸಿ ಪ್ಲೇಟಿನ ನಡುಭಾಗ 150 ಮಿ.ಮೀ. ಚೌಕ, ಅದರ ಸುತ್ತ ಸಣ್ಣ ಸಂದು ಬಿಟ್ಟು, ಶಾಖ ಪಕ್ಕಕ್ಕೆ ಹೋಗದಂತೆ ಅದೇ ತಾಪದಲ್ಲಿಡುವ ಗಾರ್ಡ್ ಪಟ್ಟಿ. ಬೋರ್ಡ್ 50 ಮಿ.ಮೀ. ದಪ್ಪ, ಎರಡು ಮುಖಗಳ ನಡುವೆ 50 ಕೆಲ್ವಿನ್ ವ್ಯತ್ಯಾಸ, ವಾಹಕತೆ ಮೀಟರಿಗೆ ಕೆಲ್ವಿನ್‌ಗೆ ಸುಮಾರು 0.15 ವ್ಯಾಟ್ ಅಂತಿಟ್ಟುಕೊಂಡರೆ ನಡುಭಾಗಕ್ಕೆ ಬೇಕಾದ ವಿದ್ಯುತ್ ಬರೀ 6.75 ವ್ಯಾಟ್. ಮುಂದಿನ ಎಲ್ಲ ತೊಂದರೆಗಳನ್ನೂ ಈ 6.75ರ ಎದುರಿಗಿಟ್ಟು ನೋಡಿ.

ಮೊದಲನೆಯದು ಸಂದು. ನಡುಭಾಗ ಮತ್ತು ಗಾರ್ಡ್ ಒಂದೇ ತಾಪದಲ್ಲಿಲ್ಲದಿದ್ದರೆ ಶಾಖ ಸಂದನ್ನು ದಾಟುತ್ತದೆ. ಕೋಣೆಯ ತಾಪದಲ್ಲಿ ವಿಕಿರಣದ ಪಾಲು ಚದರ ಮೀಟರಿಗೆ ಕೆಲ್ವಿನ್‌ಗೆ 6 ವ್ಯಾಟಿನ ಒಳಗೇ ಇರುತ್ತದೆ. 500 ಡಿಗ್ರಿಯಲ್ಲಿ ಅದು 105ರ ಹತ್ತಿರ ಹೋಗುತ್ತದೆ, ಹದಿನೆಂಟು ಪಟ್ಟು. ಪ್ಲೇಟ್ 20 ಮಿ.ಮೀ. ದಪ್ಪವಿದ್ದು ಸಂದಿನ ಮುಖಗಳ ಉತ್ಸರ್ಜಕತೆ (ಶಾಖವನ್ನು ವಿಕಿರಣವಾಗಿ ಹೊರಸೂಸುವ ಗುಣ, ಹೆಚ್ಚೆಂದರೆ 1) 0.8 ಇದ್ದರೆ, ಬರೀ 0.1 ಕೆಲ್ವಿನ್ ಅಸಮತೋಲನಕ್ಕೆ 0.08 ವ್ಯಾಟ್ ಸೋರುತ್ತದೆ. ಅಲ್ಲಿಗೆ ಶೇ. 1ಕ್ಕಿಂತ ಹೆಚ್ಚು ಹೋಯಿತು. 25 ಡಿಗ್ರಿಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಇದನ್ನು ಲೆಕ್ಕದಲ್ಲಿ ಬಿಡುವ ಬದಲು ಅಳೆಯುವುದೇ ಲೇಸು. ಗಾರ್ಡನ್ನು ಬೇಕೆಂದೇ 0.5 ಕೆಲ್ವಿನ್ ಮೇಲೆ, ಆಮೇಲೆ 0.5 ಕೆಲ್ವಿನ್ ಕೆಳಗೆ ಇಟ್ಟು ನಡುಭಾಗದ ವ್ಯಾಟ್ ಎಷ್ಟು ಬದಲಾಯಿತೆಂದು ಬರೆದುಕೊಳ್ಳಿ. ಆ ಗೆರೆಯ ಇಳಿಜಾರೇ ನಿಮ್ಮ ಪ್ಲೇಟಿನ ಸೋರಿಕೆ. ವಾಹಕತೆಯ ಜೊತೆಗೆ ಈ ಒಂದು ಅಂಕಿಯನ್ನು ಕೊಡದ ಲ್ಯಾಬಿನ ಅನಿಶ್ಚಿತತೆಯ (ಅಂಕಿ ಎಷ್ಟು ಆಚೀಚೆ ಇರಬಹುದೆಂಬ) ಪಟ್ಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಎರಡನೆಯದು ಥರ್ಮೋಕಪಲ್, ಅಂದರೆ ತಾಪ ಅಳೆಯುವ ಎರಡು ಲೋಹದ ತಂತಿಗಳ ಜೋಡಿ. ಕ್ಲಾಸ್ 1 ತಂತಿಗೂ 500 ಡಿಗ್ರಿಯಲ್ಲಿ 2 ಡಿಗ್ರಿ ಆಚೀಚೆಗೆ ಅವಕಾಶವಿದೆ. ಬಿಸಿ ಕಡೆ 2 ಮೇಲೆ, ತಣ್ಣನೆ ಕಡೆ 2 ಕೆಳಗೆ ತಪ್ಪಿದರೆ 50ರಲ್ಲಿ 4, ಅಂದರೆ ಶೇ. 8. ಎಲ್ಲ ಜೋಡಿಗಳನ್ನೂ ಒಂದೇ ಸುರುಳಿಯ ತಂತಿಯಿಂದ ಮಾಡಿಕೊಳ್ಳಿ. ಆಮೇಲೆ ಬಿಸಿ, ತಣ್ಣನೆ ಪ್ಲೇಟ್‌ಗಳೆರಡನ್ನೂ ಒಂದೇ ತಾಪಕ್ಕೆ ತಂದು ನಿಲ್ಲಿಸಿ, ಯಾವ ಜೋಡಿ ಎಷ್ಟು ಬೇರೆ ತೋರಿಸುತ್ತದೆಂದು ಬರೆದುಕೊಂಡು ಕಳೆಯಬೇಕು. 300ರಲ್ಲಿ ಮಾಡಿದ್ದು 500ಕ್ಕೆ ನಡೆಯುವುದಿಲ್ಲ, ಪ್ರತಿ ತಾಪಕ್ಕೂ ಬೇರೆಯಾಗಿ ಮಾಡಿ. ಕೆ ಟೈಪ್ ತಂತಿಯನ್ನು ಸುಮಾರು 300ರಿಂದ 550 ಡಿಗ್ರಿ ನಡುವೆ ಹೆಚ್ಚು ಹೊತ್ತು ಇಟ್ಟರೆ ಅದರ ಓದೇ ಸರಿಯುತ್ತದೆ. ಅಲ್ಲಿ ಎನ್ ಟೈಪ್ ವಾಸಿ.

ಪ್ಲೇಟಿನ ವಿಸ್ತೀರ್ಣದ ವಿಷಯದಲ್ಲಿ ಜಗಳವೇ ಬೇಡ. ಆಸ್ಟೆನಿಟಿಕ್ ಸ್ಟೇನ್‌ಲೆಸ್ ಸ್ಟೀಲ್ 500 ಡಿಗ್ರಿಗೆ ಹೋಗುವಷ್ಟರಲ್ಲಿ ಉದ್ದದಲ್ಲಿ ಶೇ. 0.8ರಷ್ಟು, ವಿಸ್ತೀರ್ಣದಲ್ಲಿ ಶೇ. 1.6ರಷ್ಟು ಹಿಗ್ಗುತ್ತದೆ. ಒಬ್ಬರು ತಣ್ಣನೆಯ ಅಳತೆ ಹಾಕಿ, ಇನ್ನೊಬ್ಬರು ಹಿಗ್ಗಿದ ಅಳತೆ ಹಾಕಿದರೆ ಅಷ್ಟು ವ್ಯತ್ಯಾಸ ಕಾಗದದ ಮೇಲೇ ಹುಟ್ಟುತ್ತದೆ.

ಗಡುಸು ಬೋರ್ಡಿನಲ್ಲಿ ಪ್ಲೇಟಿಗೂ ಬೋರ್ಡಿಗೂ ನಡುವೆ ಗಾಳಿ ಉಳಿಯುತ್ತದೆ. ಎರಡೂ ಕಡೆ 0.1 ಮಿ.ಮೀ. ಸಂದಿದ್ದರೆ ವಾಹಕತೆ ಶೇ. 1ರಷ್ಟು ಕಡಿಮೆ ತೋರುತ್ತದೆ. ಪ್ಲೇಟ್ ಬಿಸಿಯಲ್ಲಿ ಬಾಗಿದರೆ ಇನ್ನೂ ಹೆಚ್ಚು. ಥರ್ಮೋಕಪಲನ್ನು ಬೋರ್ಡಿನ ಮುಖದಲ್ಲೇ ಗೀರು ಮಾಡಿ ಕೂರಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ಆಗ ದಪ್ಪದ ಲೆಕ್ಕಕ್ಕೆ ತಂತಿಗಳ ನಡುವಿನ ದೂರ ಹಿಡಿಯಬೇಕು, ಬೋರ್ಡಿನ ದಪ್ಪವನ್ನಲ್ಲ.

ಸೆರಾಮಿಕ್ ಫೈಬರ್ ಬ್ಲಾಂಕೆಟ್‌ನದು ಬೇರೆಯೇ ಕಥೆ. 25 ಮಿ.ಮೀ. ದಪ್ಪದ, ಘನ ಮೀಟರಿಗೆ 128 ಕಿಲೋ ಸಾಂದ್ರತೆಯ ಬ್ಲಾಂಕೆಟನ್ನು ಪ್ಲೇಟಿನ ಭಾರ 22 ಮಿ.ಮೀ.ಗೆ ಒತ್ತಿದರೆ ಸಾಂದ್ರತೆ 145 ಆಗುತ್ತದೆ. ಹೆಚ್ಚು ತಾಪದಲ್ಲಿ ವಿಕಿರಣಕ್ಕೆ ತಡೆ ಹೆಚ್ಚಿ ವಾಹಕತೆ ಇಳಿಯುತ್ತದೆ. ಮೂಲೆಗಳಲ್ಲಿ ಸೆರಾಮಿಕ್ ತುಂಡುಗಳನ್ನಿಟ್ಟು ದಪ್ಪ ಕಟ್ಟಿಹಾಕಿ, ಆ ದಪ್ಪವನ್ನೇ ಎಲ್ಲ ಲ್ಯಾಬ್‌ಗಳಿಗೂ ಹೇಳಿ. ಹಾಟ್ ವೈರ್ ವಿಧಾನದ (ವಸ್ತುವಿನೊಳಗೆ ಬಿಸಿ ತಂತಿ ಇಟ್ಟು ಅಳೆಯುವುದು) ಅಂಕಿಯನ್ನು ಇದರ ಪಕ್ಕಕ್ಕೆ ತರಲೇಬೇಡಿ. ನಾರುಗಳು ಮಲಗಿರುವ ದಿಕ್ಕಿನ ವಾಹಕತೆಯೂ ಅದರಲ್ಲಿ ಬೆರೆತಿರುವುದರಿಂದ ಅದು ಹೆಚ್ಚೇ ಬರುತ್ತದೆ.

ಮಾದರಿಯನ್ನು ದಾಟಿ ಬಂದ ಶಾಖವನ್ನು ನೀರು ಎಷ್ಟು ಬಿಸಿಯಾಯಿತೆಂದು ನೋಡಿ ಅಳೆಯುವ ವಾಟರ್ ಕ್ಯಾಲೊರಿಮೀಟರಿನ ಅಂಕಿಯಲ್ಲೂ ಒಂದು ಮೋಸವಿದೆ. ಬಿಸಿ ಮುಖ 900, ತಣ್ಣನೆ ಮುಖ 100 ಆದರೆ ಸರಾಸರಿ ತಾಪ 500 ಎಂದೇ ವರದಿಯಲ್ಲಿರುತ್ತದೆ. ಆದರೆ ವಿಕಿರಣದ ಪಾಲು ತಾಪದ ಘನದ ಜೊತೆ ಏರುವುದರಿಂದ, 800 ಕೆಲ್ವಿನ್ ಅಂತರದ ಸರಾಸರಿಯಲ್ಲಿ ಆ ಪಾಲು ನಿಜವಾದ 500 ಡಿಗ್ರಿಯದಕ್ಕಿಂತ ಶೇ. 27 ಹೆಚ್ಚು. ಒಟ್ಟು ವಾಹಕತೆಯಲ್ಲಿ ಅರ್ಧ ವಿಕಿರಣವಿದ್ದರೆ ಉತ್ತರ ಶೇ. 13ರಷ್ಟು ಮೇಲೆ ಹೋಗುತ್ತದೆ. ಇಲ್ಲಿ ಯಾರ ಯಂತ್ರದ್ದೂ ತಪ್ಪಿಲ್ಲ, ಅಳೆದ ವಸ್ತುವೇ ಬೇರೆ.

ಕೊನೆಗೆ ತೀರ್ಪಿಗೆ ಇಎನ್ ಸಂಖ್ಯೆ: ಎರಡು ಅಂಕಿಗಳ ವ್ಯತ್ಯಾಸವನ್ನು ಅವುಗಳ ಅನಿಶ್ಚಿತತೆಗಳ ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸುವುದು. 0.152 ಮತ್ತು 0.165, ಎರಡಕ್ಕೂ ಶೇ. 5 ಅಂದರೆ 1.16 ಬರುತ್ತದೆ, 1 ದಾಟಿತು, ಹೊಂದಲಿಲ್ಲ. ಎರಡನೆಯವರು ತಮ್ಮ ಅನಿಶ್ಚಿತತೆ ಶೇ. 8 ಎಂದರೆ 0.85, ಪಾಸು! ಅದಕ್ಕೇ ಅನಿಶ್ಚಿತತೆಯನ್ನು ಎಲ್ಲರೂ ಫಲಿತಾಂಶ ಬಯಲಾಗುವ ಮೊದಲೇ ಬರೆದು ಒಪ್ಪಿಸಬೇಕು.

ಮಾದರಿ ಕಳಿಸುವ ಮುನ್ನ 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಆಮೇಲೆ ಅಳೆಯಲಿರುವ ಅತಿ ಹೆಚ್ಚಿನ ತಾಪಕ್ಕೆ ಒಮ್ಮೆ ಕಾಯಿಸಿಬಿಡಿ. ಇಲ್ಲದಿದ್ದರೆ ಮೊದಲ ಲ್ಯಾಬ್ ಅಳೆಯುವುದು ಹಸಿ ಬೋರ್ಡನ್ನು, ಎರಡನೆಯದು ಸುಟ್ಟ ಬೋರ್ಡನ್ನು. ಪ್ರತಿ ಲ್ಯಾಬೂ ತೂಕ ಮತ್ತು ದಪ್ಪವನ್ನು ಮೊದಲೂ ಆಮೇಲೂ ಬರೆಯಲಿ. ಏರುತ್ತಾ 200, 350, 500 ಡಿಗ್ರಿಯಲ್ಲಿ ಅಳೆದ ಮೇಲೆ ಇಳಿಯುತ್ತಾ ಮತ್ತೊಮ್ಮೆ 200ರಲ್ಲಿ ಅಳೆಯಲಿ. ಎರಡು 200ಗಳು ಹೊಂದದಿದ್ದರೆ ಆ ಮಾದರಿಯನ್ನು ಮುಂದಿನ ಲ್ಯಾಬಿಗೆ ಕಳಿಸಬೇಡಿ.