ಸ್ಪಿನ್ ಬೌಲಿಂಗ್‌ಗೆ ಕೀಪಿಂಗ್ ಮಾಡುವುದು ಹೇಗೆ?

ಹದಿನೆಂಟು ವರ್ಷ ಸ್ಟಂಪ್ ಹಿಂದೆ ಕೂತವನು ನಾನು. ಹೊಸ ಕೀಪರ್‌ಗಳಿಗೆ ಮೊದಲು ಹೇಳುವುದು ಒಂದೇ ಮಾತು: ಬೇಗ ಏಳಬೇಡಿ. ಚೆಂಡು ಬೌಲರ್ ಕೈ ಬಿಟ್ಟ ಕೂಡಲೇ ಎದ್ದರೆ, ಕೆಳಗೇ ಉಳಿಯುವ ಚೆಂಡು ಗ್ಲೌಸ್ ಅಡಿಯಲ್ಲಿ ನುಸುಳಿಹೋಗುತ್ತದೆ. ಪಿಚ್ ಆಗುವವರೆಗೂ ಕೂತಿರಿ. ಪುಟಿದ ಮೇಲೆ ಅದರ ಜೊತೆಗೇ ಏಳಿ.

ಭಾರ ಮುಂಗಾಲಿನ ಮೇಲಿರಲಿ. ಬೆರಳ ತುದಿ ನೆಲ ನೋಡುತ್ತಿರಲಿ. ಚೆಂಡಿನತ್ತ ಕೈ ಚಾಚಿ ಕಿತ್ತುಕೊಳ್ಳಬೇಡಿ, ಬಂದಾಗ ಕೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡಿ. ಹೀಗೆ ಮಾಡದೆ ನನ್ನ ಬಲಗೈ ಕಿರುಬೆರಳು ಮುರಿದಿತ್ತು. ಇವತ್ತಿಗೂ ಅದು ನೆಟ್ಟಗಾಗಿಲ್ಲ.

ಇದಕ್ಕೆ ಟೆನಿಸ್ ಬಾಲ್ ಒಳ್ಳೆಯ ಗುರು. ಗೋಡೆಗೆ ಎಸೆದು ಬರಿಗೈಯಲ್ಲಿ ಹಿಡಿಯಿರಿ. ಕೈ ಗಟ್ಟಿಯಾಗಿದ್ದರೆ ಅದು ಚಿಮ್ಮಿ ಹೋಗುತ್ತದೆ, ಅಲ್ವಾ? ಮೆತ್ತಗಿದ್ದರೆ ಅಲ್ಲೇ ನಿಲ್ಲುತ್ತದೆ.

ಲೆಗ್ ಸೈಡ್, ಅಂದರೆ ಬ್ಯಾಟ್ಸ್‌ಮನ್ ಕಾಲಿನ ಹಿಂಬದಿಗೆ ಹೋಗುವ ಚೆಂಡೇ ನಿಜವಾದ ಪರೀಕ್ಷೆ. ಬ್ಯಾಟ್ಸ್‌ಮನ್ ಮೈ ಅಡ್ಡ ಬಂದು ಒಂದು ಕ್ಷಣ ಏನೂ ಕಾಣುವುದಿಲ್ಲ. ಚೆಂಡು ಎಲ್ಲಿ ಹೊರಬರುತ್ತದೆಂದು ಊಹಿಸಿ, ಕಾಲು ಮೊದಲು ಸರಿಸಿ. ಸ್ಪಿನ್ನರ್‌ಗಳಾದ ಬಿಷನ್ ಸಿಂಗ್ ಬೇಡಿ, ಪ್ರಸನ್ನ, ಚಂದ್ರಶೇಖರ್ ಅವರಿಗೆ ಕೀಪಿಂಗ್ ಮಾಡಿದ ಸೈಯದ್ ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 38 ಸ್ಟಂಪಿಂಗ್ (ಕ್ರೀಸ್ ಬಿಟ್ಟ ಬ್ಯಾಟ್ಸ್‌ಮನ್‌ನನ್ನು ಬೇಲ್ಸ್ ಬೀಳಿಸಿ ಔಟ್ ಮಾಡುವುದು) ಮಾಡಿದ್ದಾರೆ. ನನಗೆ ಆ ಸಂಖ್ಯೆ ಕ್ಯಾಚ್‌ಗಳಿಗಿಂತ ಜಾಸ್ತಿ ಹೇಳುತ್ತದೆ.

ಹೆಲ್ಮೆಟ್ ಮಾತ್ರ ಮರೆಯಬೇಡಿ. 2012ರಲ್ಲಿ ಸ್ಟಂಪ್ ಮೇಲಿನ ಮರದ ತುಂಡು, ಅಂದರೆ ಬೇಲ್ಸ್, ಹಾರಿ ಕಣ್ಣಿಗೆ ಬಡಿದು ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ ಆಟವೇ ಮುಗಿಯಿತು. ಅಂದು ಬೌಲ್ ಮಾಡುತ್ತಿದ್ದವರೂ ಸ್ಪಿನ್ನರ್ ಇಮ್ರಾನ್ ತಾಹಿರ್.